ಹಾಸಿದ ಕಲ್ಲನ್ನು ಕೀಳುವ ಮುನ್ನ

ಬೆಂಗಳೂರಿನ ದೊಮ್ಮಲೂರು ಎರಡನೆಯ ಹಂತದಲ್ಲಿ ಟೆರಿ ಸಂಸ್ಥೆಗಾಗಿ ಈ ಶತಮಾನದ ಆರಂಭದಲ್ಲಿ ಕಟ್ಟಿದ ಕಟ್ಟಡವೊಂದಿದೆ. ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರು ವಿನ್ಯಾಸಗೊಳಿಸಿದ ಈ ಕಟ್ಟಡದ ದಕ್ಷಿಣ ಮಗ್ಗುಲಿಗೆ ದುರ್ವಾಸನೆಯ ತೆರೆದ ಚರಂಡಿಯಿತ್ತು. ಆದ್ದರಿಂದ ಕಟ್ಟಡವು ಆ ಕಡೆಗೆ ಬೆನ್ನು ಮಾಡಿ ಉತ್ತರದ ಕಡೆಗೆ ತೆರೆದುಕೊಂಡಿತು. ಬೆನ್ನಿನ ಗೋಡೆಗೆ ಕಪ್ಪು ಕಡಪ ಕಲ್ಲಿನ ಹೊದಿಕೆ. ಕಲ್ಲಿಗೂ ಒಳಗೋಡೆಗೂ ನಡುವೆ ಟೊಳ್ಳು ಜಾಗ. ಬಿಸಿಲಿಗೆ ಕಲ್ಲು ಕಾಯುತ್ತದೆ, ಟೊಳ್ಳಿನೊಳಗಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಅದರ ಸೆಳೆತಕ್ಕೆ ಉತ್ತರದ ತಂಪು ಗಾಳಿ ಕೋಣೆಗಳನ್ನು ಹಾದು ಬರುತ್ತದೆ. ಅಡುಗೆಮನೆಯ ಕಟ್ಟೆಗೆ, ಬಚ್ಚಲಿನ ನೆಲಕ್ಕೆ, ನಡುಮನೆಯ ಕಪಾಟಿನ ಹಲಗೆಗೆ ಬಳಸುತ್ತಿದ್ದ ಸಾಧಾರಣ ಕಲ್ಲೊಂದು ಇಲ್ಲಿ ವಿದ್ಯುತ್ತಿನ ಹಂಗಿಲ್ಲದೆ ಗಾಳಿಯನ್ನು ಎಳೆಯುವ ಕೆಲಸಕ್ಕೆ ನಿಂತಿದೆ. ಪರಿಸರಸ್ನೇಹಿ ಕಟ್ಟಡಗಳ ಕುರಿತು ಓದುವ ವಿದ್ಯಾರ್ಥಿಗಳು ಅದನ್ನು ನೋಡಲು ಬರುತ್ತಾರೆ.

ಅದೇ ದೊಮ್ಮಲೂರು, ಪಕ್ಕದ ಇಂದಿರಾನಗರ, ಹಲಸೂರುಗಳ ಹಳೆಯ ಬೀದಿಗಳಲ್ಲಿ ಇದಕ್ಕೆ ವಿರುದ್ಧವಾದ ನೋಟವೂ ಕಾಣಸಿಗುತ್ತದೆ. ಎರಡು ತಲೆಮಾರು ಸವೆಸಿದ ಕಡಪ ಕಲ್ಲಿನ ನೆಲ, ಶಹಾಬಾದ್ ಕಲ್ಲಿನ ಅಂಗಳ, ಸಾದರಹಳ್ಳಿಯ ಬಿಳಿಗಲ್ಲಿನ ಮೆಟ್ಟಿಲುಗಳನ್ನು ಒಡೆದು ಚೀಲಕ್ಕೆ ತುಂಬಿ ಬೀದಿಬದಿಗೆ ಇಡಲಾಗುತ್ತದೆ. ಅವುಗಳ ಜಾಗಕ್ಕೆ ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲುಗಳು ಬರುತ್ತವೆ. ಒಡೆಯಲು ಕೊಡುವ ಕಾರಣ ಬಹುತೇಕ ಒಂದೇ: ನೆಲ ಮಂಕಾಗಿದೆ, ಕಲೆ ಹೋಗುತ್ತಿಲ್ಲ, ಅಲ್ಲಲ್ಲಿ ಕಲ್ಲು ಅಲುಗಾಡುತ್ತಿದೆ. ಈ ಮೂರೂ ದುರಸ್ತಿಯಾಗಬಲ್ಲ ದೋಷಗಳು. ದುರಸ್ತಿ ಮಾಡುವ ಬಗೆ ಮರೆತುಹೋಗಿರುವುದೇ ನಿಜವಾದ ತೊಂದರೆ.

ನಗರದ ಮನೆಗಳ ನೆಲದ ವಿಚಾರ ಮಲೆನಾಡಿನ ಪತ್ರಿಕೆಗೆ ಏಕೆ ಎಂಬ ಪ್ರಶ್ನೆ ಸಹಜ. ಉತ್ತರ ಕಷ್ಟದ್ದಲ್ಲ. ನಗರದಲ್ಲಿ ಹಾಸುವ ಪ್ರತಿಯೊಂದು ಹೊಸ ನೆಲದ ಹಿಂದೆ ಎಲ್ಲಿಯದೋ ಒಂದು ಬೆಟ್ಟ, ಎಲ್ಲಿಯದೋ ಒಂದು ಹೊಳೆಯ ಪಾತ್ರವಿದೆ. ನಗರದ ರೂಢಿ ಈಗ ಘಟ್ಟವನ್ನೂ ಹತ್ತಿದೆ. ತೀರ್ಥಹಳ್ಳಿ, ಕೊಪ್ಪ, ಸಿದ್ದಾಪುರ, ಸಕಲೇಶಪುರಗಳ ಸುತ್ತಲಿನ ಹಳ್ಳಿಗಳಲ್ಲಿಯೂ ಅಡಿಕೆ, ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಮೊದಲು ಬದಲಾಗುವುದು ಮನೆಯ ನೆಲ. ಕಲ್ಲುಗಣಿ ಬೇಡವೆಂದು ಮನವಿಪತ್ರಕ್ಕೆ ಸಹಿ ಹಾಕುವ ಕೈ, ಅದೇ ವಾರ ಗಟ್ಟಿಮುಟ್ಟಾದ ಹಾಸುಗಲ್ಲನ್ನು ಕೀಳಲು ಮೇಸ್ತ್ರಿಗೆ ಮುಂಗಡ ಕೊಡುವುದಾದರೆ ಆ ಮನವಿಗೆ ಉಳಿಯುವ ತೂಕವೆಷ್ಟು?

ತೂಕದ ಲೆಕ್ಕ

ಲೆಕ್ಕವನ್ನೇ ಹಾಕಿ ನೋಡಬಹುದು. ಒಂದು ಸಾವಿರ ಚದರಡಿ ನೆಲಕ್ಕೆ ಒಂದಂಗುಲ ದಪ್ಪದ ಕಲ್ಲು ಹಾಸಿದ್ದರೆ ಅದರ ತೂಕ ಸುಮಾರು 6 ಟನ್. ಅದರ ಕೆಳಗಿನ ಎರಡಂಗುಲದ ಗಾರೆಯ ಹಾಸು ಮತ್ತೆ ಸುಮಾರು 9 ಟನ್. ನೆಲವನ್ನು ಕಿತ್ತರೆ ಈ 15 ಟನ್ ಒಮ್ಮೆಗೇ ಕಸವಾಗುತ್ತದೆ. ಹೊಸ ನೆಲ ಹಾಕಲು ಗಾರೆಯ ಭಾಗವಾದರೂ ಮತ್ತೆ ಬರಲೇಬೇಕು. ಮರಳು ಹೊಳೆಯದಾದರೆ ತುಂಗೆಯೋ ಹೇಮಾವತಿಯೋ ಕಳೆದುಕೊಳ್ಳುತ್ತದೆ. ಹೊಳೆಯದಲ್ಲ, ಎಂ-ಸ್ಯಾಂಡ್ ಎಂದರೆ ಅದು ಬೆಟ್ಟದ ಬಂಡೆಯನ್ನು ಅರೆದ ಪುಡಿ. ಸಿಮೆಂಟು ಸುಣ್ಣಕಲ್ಲನ್ನು ಸುಟ್ಟದ್ದು. ಟೈಲು ಎಂದರೆ ಜೇಡಿ, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿಯನ್ನು ಒತ್ತಿ ಸುಮಾರು 1200 ಡಿಗ್ರಿ ಶಾಖದಲ್ಲಿ ಬೇಯಿಸಿದ್ದು. ದೇಶದ ಟೈಲು ಉದ್ಯಮದ ರಾಜಧಾನಿ ಗುಜರಾತಿನ ಮೋರ್ಬಿ. ಅಲ್ಲಿನ ಕಲ್ಲಿದ್ದಲು ಅನಿಲ ಘಟಕಗಳಿಂದ ಗಾಳಿಯೂ ನೀರೂ ಕೆಡುತ್ತಿವೆಯೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರಲ್ಲಿ ಅವುಗಳನ್ನು ಮುಚ್ಚಿಸಬೇಕಾಯಿತು.

ಪಶ್ಚಿಮಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿಯು 2011ರಲ್ಲಿ ಕೊಟ್ಟ ವರದಿಯು ಅತಿಸೂಕ್ಷ್ಮ ವಲಯದಲ್ಲಿ ಹೊಸ ಕಲ್ಲುಗಣಿಗೂ ಮರಳುಗಾರಿಕೆಗೂ ಪರವಾನಗಿ ಬೇಡವೆಂದು ಹೇಳಿತು. ಐದು ಹೆಕ್ಟೇರಿಗಿಂತ ಕಡಿಮೆಯಾದರೂ ಪರಿಸರ ಅನುಮತಿ ಇಲ್ಲದೆ ಇಂಥ ಗಣಿ ನಡೆಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ದೀಪಕ್ ಕುಮಾರ್ ಪ್ರಕರಣದಲ್ಲಿ 2012ರಲ್ಲಿ ಆದೇಶಿಸಿತು. ವರದಿಯೂ ಆದೇಶವೂ ಗಣಿಯ ಬಾಯಿಯನ್ನು ನೋಡುತ್ತವೆ. ಗಣಿಯ ಹೊಟ್ಟೆಯಾದ ಬೇಡಿಕೆಯನ್ನು ಕುಗ್ಗಿಸುವ ಕೆಲಸ ಮನೆಮನೆಯದು. ಆಗಲೇ ಕಡಿದು ತಂದು ಹಾಸಿದ ಕಲ್ಲನ್ನು ಇನ್ನೂ ಐವತ್ತು ವರ್ಷ ಬಾಳಿಸುವುದು ಆ ಕೆಲಸದ ಅತ್ಯಂತ ಸುಲಭದ ಮೊದಲ ಮೆಟ್ಟಿಲು.

ಯಾವ ಕಲ್ಲು ಎಂಬುದು ಮೊದಲು

ದುರಸ್ತಿಗೆ ಮುನ್ನ ಕಾಲಡಿಯ ಕಲ್ಲಿನ ಜಾತಿ ತಿಳಿಯಬೇಕು. ಅಂಗಡಿಗಳಲ್ಲಿ ತೆಳುವಾಗಿ ಸೀಳುವ ಕಪ್ಪು, ಬೂದು ಕಲ್ಲುಗಳಿಗೆಲ್ಲ ‘ಸ್ಲೇಟು’ ಎಂದೇ ಹೆಸರು. ನಿಜವಾದ ಸ್ಲೇಟು ಬೇರೆ. ಜಲತಳದಲ್ಲಿ ಪದರಪದರವಾಗಿ ಕುಳಿತ ಜೇಡಿಮಣ್ಣು ಭೂಮಿಯ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಮಾರ್ಪಟ್ಟ ಕಲ್ಲು ಅದು. ಆಂಧ್ರದ ಮಾರ್ಕಾಪುರ ಅದಕ್ಕೆ ಹೆಸರಾದ ಊರು. ಹಿಂದಿನ ತಲೆಮಾರಿನ ಮಕ್ಕಳು ಬಳಪ ಹಿಡಿದು ಅಕ್ಷರ ತಿದ್ದಿದ ಪಾಟಿ ಆ ಜಾತಿಯ ಕಲ್ಲಿನದೇ. ಕಡಪ ಕಲ್ಲು ಮತ್ತು ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲುಗಳಾದರೋ ಸುಣ್ಣಕಲ್ಲುಗಳು. ನೋಟದಲ್ಲಿ ಸ್ಲೇಟನ್ನು ಹೋಲಿದರೂ ಗುಣದಲ್ಲಿ ಬೇರೆ.

ಈ ಭೇದವನ್ನು ಅಡುಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಮೂಲೆಯ ಒಂದು ಕಲ್ಲಿನ ಮೇಲೆ ಒಂದು ಹನಿ ನಿಂಬೆರಸ ಬಿಟ್ಟು ಐದು ನಿಮಿಷದ ಬಳಿಕ ಒರೆಸಬೇಕು. ಹೊಳಪು ಹೋಗಿ ಬಿಳುಪಾದ ಗುರುತು ಉಳಿದರೆ ಅದು ಸುಣ್ಣಕಲ್ಲು. ಗುರುತು ಉಳಿಯದಿದ್ದರೆ ಸ್ಲೇಟೋ, ಬಿಳಿಗಲ್ಲಿನಂಥ ಗಟ್ಟಿ ಜಾತಿಯೋ ಇರಬಹುದು. ಕಡಪ ಕಲ್ಲಿನ ಅಡುಗೆ ಕಟ್ಟೆಯ ಮೇಲೆ ಹುಣಸೆಹುಳಿ, ಮಜ್ಜಿಗೆ ಚೆಲ್ಲಿದ ಕಡೆಗಳಲ್ಲಿ ಮಂಕು ಬಿದ್ದಿರುವುದನ್ನು ಮನೆಯ ಹೆಂಗಸರು ಬಲ್ಲರು. ಅದು ಮೆತ್ತಿದ ಕೊಳೆಯಲ್ಲ, ಹುಳಿಯು ಕಲ್ಲನ್ನೇ ತಿಂದ ಗುರುತು. ಆದ್ದರಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಯವಾಗಿ ಅರೆದೇ ತೆಗೆಯಬೇಕು.

ಆಸಿಡ್ಡಿನ ಅನಾಹುತ

ಇಷ್ಟು ತಿಳಿದರೆ ಇಂದು ನಡೆಯುತ್ತಿರುವ ದೊಡ್ಡ ತಪ್ಪೊಂದು ಕಣ್ಣಿಗೆ ಬೀಳುತ್ತದೆ. ಹೊಸದಾಗಿ ಸಂದು ತುಂಬಿದ ಮೇಲೆ ಸಿಮೆಂಟಿನ ಕಲೆ ತೆಗೆಯಲೆಂದೋ, ಹಬ್ಬದ ಮುಂಚೆ ನೆಲ ಬೆಳಗಲೆಂದೋ ಡಬ್ಬಿಯ ಆಸಿಡ್ ಸುರಿಯುವುದು ವಾಡಿಕೆಯಾಗಿದೆ. ನಿಂಬೆರಸಕ್ಕೇ ಸೋಲುವ ಕಲ್ಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ತಾಳುವುದೆಂತು? ನೊರೆಯುಕ್ಕಿ ಕಲ್ಲಿನ ಮೇಲ್ಮೈ ಕರಗುತ್ತದೆ. ಒದ್ದೆಯಿರುವಾಗ ಸ್ವಚ್ಛವಾಗಿ ಕಂಡ ನೆಲ ಆರಿದ ಮೇಲೆ ಬೂದಿ ಬಳಿದಂತಾಗುತ್ತದೆ. ತೆರೆದುಕೊಂಡ ರಂಧ್ರಗಳು ಮರುದಿನದಿಂದ ಮೊದಲಿಗಿಂತ ಬೇಗ ಕೊಳೆ ಹೀರುತ್ತವೆ. ಮನೆಯವರು ಕಲ್ಲಿನದೇ ದೋಷವೆಂದು ತೀರ್ಮಾನಿಸಿ ಟೈಲಿನ ಅಂಗಡಿಗೆ ಹೊರಡುತ್ತಾರೆ. ನಿಜವಾದ ಸ್ಲೇಟಿಗೂ ಆಮ್ಲ ಹಿತವಲ್ಲ. ಅದರೊಳಗೆ ಕಬ್ಬಿಣದ ಅಂಶವಿದ್ದರೆ ತುಕ್ಕಿನ ಕಲೆಗಳು ಏಳುತ್ತವೆ.

ತೊಳೆದ ಆಮ್ಲದ ನೀರು ಎಲ್ಲಿಗೆ ಹೋಯಿತೆಂದು ಕೇಳುವವರು ವಿರಳ. ದೊಮ್ಮಲೂರಿನ ಚರಂಡಿಗಳು ಕೋರಮಂಗಲ-ಚಲ್ಲಘಟ್ಟ ಕಣಿವೆಯ ಮೂಲಕ ಬೆಳ್ಳಂದೂರು ಕೆರೆಗೆ ಸೇರುತ್ತವೆ. ಆ ಕೆರೆ 2015ರಲ್ಲಿ ನೊರೆಯುಕ್ಕಿಸಿ ರಸ್ತೆಗೆ ಬಂದದ್ದನ್ನೂ, 2017 ಮತ್ತು 2018ರಲ್ಲಿ ಹೊತ್ತಿ ಉರಿದದ್ದನ್ನೂ ನಾಡೆಲ್ಲ ನೋಡಿದೆ. ಕೆರೆಯನ್ನು ಕೆಡಿಸಿದ್ದು ನೆಲ ತೊಳೆದ ನೀರೊಂದೇ ಅಲ್ಲ. ಆದರೆ ಊರಿಗೆ ಊರೇ ಸೇರಿ ಒಂದೊಂದು ಬಾಟಲಿಯಂತೆ ಸುರಿದದ್ದರ ಮೊತ್ತವೇ ಕೆರೆಯ ಸ್ಥಿತಿ. ಮಲೆನಾಡಿನಲ್ಲಿ ಬಚ್ಚಲ ನೀರು ಹರಿಯುವುದು ತೋಟದ ಕಪ್ಪಿಗೆ, ಅಲ್ಲಿಂದ ಹಳ್ಳಕ್ಕೆ. ಇಲ್ಲಿ ಕೆರೆ ಉರಿಯುವುದಿಲ್ಲ, ಮೀನು ಮಾತ್ರ ಸದ್ದಿಲ್ಲದೆ ಕಡಿಮೆಯಾಗುತ್ತದೆ.

ಸರಿಯಾದ ದಾರಿ ನಿಧಾನದ್ದು, ಅಗ್ಗದ್ದು. ಮೊದಲು ಒಣಗುಡಿಸಿ ಮರಳಿನ ಕಣಗಳನ್ನೆಲ್ಲ ತೆಗೆಯಬೇಕು. ಸೌಮ್ಯವಾದ ಸಾಬೂನಿನ ಬಿಸಿನೀರಿನಲ್ಲಿ ತೆಂಗಿನ ನಾರಿನಿಂದ ಉಜ್ಜಿ, ಎರಡು ಮೂರು ಬಾರಿ ಬರಿಯ ನೀರಿನಿಂದ ಒರೆಸಬೇಕು. ಅಲುಗಾಡುವ ಕಲ್ಲನ್ನು ಜೋಪಾನವಾಗಿ ಎತ್ತಿ, ಕೆಳಗಿನ ಪುಡಿಯಾದ ಗಾರೆ ಕೆರೆದು, ಹೊಸ ಗಾರೆಯ ಮೇಲೆ ಅದೇ ಕಲ್ಲನ್ನು ಕೂರಿಸಬೇಕು. ಸುಣ್ಣದ ಗಾರೆಯ ಮೇಲೆ ಹಾಸಿದ ಹಳೆಯ ನೆಲವಾದರೆ ಸಂದುಗಳಿಗೂ ಸುಣ್ಣವೇ ಲೇಸು. ಕಲ್ಲಿಗಿಂತ ಸಂದು ಗಟ್ಟಿಯಾದರೆ ಮುಂದೆ ಒಡೆಯುವುದು ಕಲ್ಲಿನ ಅಂಚು. ಒಡೆದ ಕಲ್ಲಿಗೆ ಬದಲು ಬೇಕಾದಾಗ ಮಂಚದ ಅಡಿಯಲ್ಲೋ ಕಪಾಟಿನ ಹಿಂದೆಯೋ ಇರುವ ಕಲ್ಲನ್ನು ತೆಗೆದು ನಡುಮನೆಗೆ ಹಾಕಿದರೆ ಬಣ್ಣವೂ ಸವೆತವೂ ಹೊಂದುತ್ತವೆ.

ಮುಚ್ಚುವುದೋ, ಉಸಿರಾಡಲು ಬಿಡುವುದೋ

ಶುಚಿಯಾದ ನೆಲಕ್ಕೆ ರಕ್ಷೆ ಬೇಕೇ ಎಂಬುದು ಮುಂದಿನ ಪ್ರಶ್ನೆ. ಇಲ್ಲಿಯೂ ಒಂದು ಹನಿ ನೀರೇ ಉತ್ತರ ಹೇಳುತ್ತದೆ. ಕಲ್ಲಿನ ಮೇಲೆ ಬಿಟ್ಟ ಹನಿ ಕೆಲವು ನಿಮಿಷಗಳಲ್ಲಿ ಇಂಗಿ ಕಪ್ಪು ಗುರುತಾದರೆ ಕಲ್ಲು ಹೀರುತ್ತಿದೆ, ರಕ್ಷೆ ಬೇಕು. ಹನಿ ಮುತ್ತಿನಂತೆ ನಿಂತರೆ ಬೇಡ. ಬೇಡದ ಕಡೆ ಬಳಿಯುವುದು ಹಣವನ್ನು ನೆಲಕ್ಕೆ ಚೆಲ್ಲಿದಂತೆ.

ಮಾರುಕಟ್ಟೆಯಲ್ಲಿ ‘ಸೀಲರ್’ ಎಂಬ ಒಂದೇ ಹೆಸರಿನಡಿ ಎರಡು ಬಗೆಯ ವಸ್ತುಗಳು ಸಿಗುತ್ತವೆ. ಒಂದು, ಅಕ್ರಿಲಿಕ್ಕಿನಂಥ ಲೇಪ. ಅದು ಕಲ್ಲಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯಾಗಿ ನಿಲ್ಲುತ್ತದೆ, ಕೂಡಲೇ ಹೊಳಪು ಕೊಡುತ್ತದೆ. ಇನ್ನೊಂದು, ಸಿಲೇನ್, ಸಿಲೋಕ್ಸೇನ್ ವರ್ಗದ ಹೀರುವ ದ್ರವ. ಅದು ಕಲ್ಲಿನೊಳಕ್ಕೆ ಇಳಿದು ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತದೆ. ನೀರನ್ನು ತಡೆಯುತ್ತದೆ, ಆವಿಯನ್ನು ಹೊರಕ್ಕೆ ಬಿಡುತ್ತದೆ, ನೋಟವನ್ನು ಹೆಚ್ಚು ಬದಲಿಸುವುದಿಲ್ಲ. ಅಂಗಡಿಯವರು ಹೊಳಪಿನದನ್ನೇ ಮುಂದೆ ಮಾಡುತ್ತಾರೆ. ಮಲೆನಾಡಿನ ಮಟ್ಟಿಗೆ ಅದೇ ಅಪಾಯಕಾರಿ. ನಾಲ್ಕು ತಿಂಗಳ ಮಳೆಯಲ್ಲಿ ತಳಪಾಯದ ಮಣ್ಣಿನ ತೇವ ಮೇಲೇರುತ್ತಲೇ ಇರುತ್ತದೆ. ಮೇಲೆ ಪ್ಲಾಸ್ಟಿಕ್ ಮುಚ್ಚಳವಿದ್ದರೆ ಆ ತೇವಕ್ಕೆ ದಾರಿಯಿಲ್ಲ. ಲೇಪ ಬಿಳುಪಾಗಿ ಸಿಪ್ಪೆಯೇಳುತ್ತದೆ, ನೀರಿನೊಡನೆ ಬಂದ ಲವಣ ಕಲ್ಲಿನ ಪದರಗಳ ನಡುವೆ ಹರಳುಗಟ್ಟಿ ಅದನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಪದರಗಟ್ಟಿದ ಸ್ಲೇಟಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ.

ಆದ್ದರಿಂದ ಯಾವ ರಕ್ಷೆಗೂ ಮುಂಚೆ ತೇವದ ಮೂಲ ನೋಡಬೇಕು. ಎರಡಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚು ಅಂಟಿಸಿ ಒಂದು ದಿನ ಬಿಟ್ಟರೆ ಸತ್ಯ ತಿಳಿಯುತ್ತದೆ. ಹಾಳೆಯ ಅಡಿಯಲ್ಲಿ ಹನಿಗಟ್ಟಿದರೆ ತೇವ ಬರುತ್ತಿರುವುದು ಕೆಳಗಿನಿಂದ. ಅದಕ್ಕೆ ಮದ್ದು ಡಬ್ಬಿಯಲ್ಲಿಲ್ಲ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದಂಬೆ ಕಟ್ಟುವುದರಲ್ಲಿ, ಅಂಗಳದ ಇಳಿಜಾರು ಸರಿಪಡಿಸುವುದರಲ್ಲಿ, ಹಿತ್ತಿಲ ಧರೆಯ ಬದಿಯ ಕಾಲುವೆ ತೆಗೆಯುವುದರಲ್ಲಿದೆ. ಹಿರಿಯರು ಪ್ರತಿ ಮಳೆಗಾಲಕ್ಕೆ ಮುನ್ನ ಮಾಡುತ್ತಿದ್ದ ಕೆಲಸವದು. ರಕ್ಷೆ ಹಚ್ಚಲು ಶಿವರಾತ್ರಿ ಕಳೆದು ನೆಲ ಪೂರ್ಣ ಒಣಗಿದ ದಿನಗಳೇ ಸರಿ.

ಎಣ್ಣೆಯ ಹಾದಿಯೂ ಇದೆ. ಕಡಪ ಕಲ್ಲಿಗೆ ಕೊಬ್ಬರಿ ಎಣ್ಣೆ ಒರೆಸಿ ಕಪ್ಪು ಮಾಡುವ ರೂಢಿ ಅನೇಕ ಮನೆಗಳಲ್ಲಿದೆ. ಕೊಬ್ಬರಿ ಎಣ್ಣೆ ಗಾಳಿಗೆ ಒಣಗುವ ಜಾತಿಯದಲ್ಲ, ಜಿಡ್ಡಾಗಿಯೇ ಉಳಿದು ದೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಒಣಗುತ್ತದೆ. ತೀರ ತೆಳುವಾಗಿ ಹಚ್ಚಿ, ಅರ್ಧ ಗಂಟೆಯಲ್ಲಿ ಮಿಕ್ಕದ್ದನ್ನು ಒರೆಸಿ ತೆಗೆದರೆ ಕಲ್ಲಿಗೆ ಗಾಢವಾದ ಬಣ್ಣ ಬರುತ್ತದೆ. ಎಚ್ಚರಿಕೆಯೊಂದು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ, ಹರವಿ ಒಣಗಿಸಬೇಕು.

ರಾಸಾಯನಿಕಗಳ ಬಗ್ಗೆಯೂ ಕಣ್ಣಿರಬೇಕು. ಎಣ್ಣೆಯ ಕಲೆಯೂ ತಗಲದು ಎಂದು ಸಾರುವ ಎಷ್ಟೋ ದ್ರವಗಳಲ್ಲಿ ಪಿಎಫ್‌ಎಎಸ್ ಕುಟುಂಬದ ಫ್ಲೋರಿನ್ ಸಂಯುಕ್ತಗಳಿರುತ್ತವೆ. ಅವು ಮಣ್ಣಿನಲ್ಲಿ, ನೀರಿನಲ್ಲಿ ಬಹುಕಾಲ ಕೊಳೆಯದೆ ಉಳಿಯುವಂಥವು. ಹೊಳೆಯ ನೀರನ್ನೇ ಕುಡಿಯುವ ಊರುಗಳಿಗೆ ಅವುಗಳ ಅಗತ್ಯವಿಲ್ಲ. ಯಾವ ದ್ರವವನ್ನಾದರೂ ತುಂತುರಾಗಿ ಸಿಂಪಡಿಸದೆ ಬಟ್ಟೆಯಿಂದ ಹಚ್ಚುವುದೇ ಶ್ವಾಸಕೋಶಕ್ಕೆ ಕ್ಷೇಮ.

ಕೆಲಸಗಾರನ ಉಸಿರು

ನೆಲದ ವಿಚಾರದಲ್ಲಿ ಸದಾ ಮರೆಯಾಗುವವನು ನೆಲ ಅರೆಯುವವನು. ಒಣಯಂತ್ರದಿಂದ ಕಲ್ಲು ಕೊರೆದಾಗ, ಅರೆದಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳಿರುತ್ತವೆ. ಅವು ಶ್ವಾಸಕೋಶದಲ್ಲಿ ನೆಲೆಸಿ ತರುವ ಸಿಲಿಕೋಸಿಸ್ ವಾಸಿಯಾಗದ ಕಾಯಿಲೆ. ಮಧ್ಯಪ್ರದೇಶದ ಮಂದಸೌರಿನಲ್ಲಿ ಶಾಲಾಮಕ್ಕಳಿಗಾಗಿ ಸ್ಲೇಟು ಕಡ್ಡಿ ಕೊರೆಯುತ್ತಿದ್ದ ಕಾರ್ಮಿಕರು ಎಳೆಯ ಪ್ರಾಯದಲ್ಲಿಯೇ ಇದಕ್ಕೆ ಬಲಿಯಾದದ್ದು ನಮ್ಮ ದೇಶದ ಔದ್ಯೋಗಿಕ ಆರೋಗ್ಯದ ಚರಿತ್ರೆಯ ಕರಾಳ ಅಧ್ಯಾಯ. ಕಡಪ ಕಲ್ಲಿನ ಕಟ್ಟೆಯ ಬದಲಿಗೆ ಈಗ ನಗರಗಳಲ್ಲಿ ಬಂದಿರುವ ಕೃತಕ ‘ಕ್ವಾರ್ಟ್ಜ್’ ಹಲಗೆಗಳಲ್ಲಿ ಸಿಲಿಕಾ ಅಂಶ ಅತ್ಯಧಿಕ. ಅವನ್ನು ಕೊರೆದ ಯುವಕರು ಕೆಲವೇ ವರ್ಷಗಳಲ್ಲಿ ಕಾಯಿಲೆ ಬೀಳುವುದನ್ನು ಕಂಡ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅವುಗಳ ತಯಾರಿಕೆ, ಮಾರಾಟ, ಜೋಡಣೆಗಳನ್ನೇ ನಿಷೇಧಿಸಿತು. ಅಲ್ಲಿ ಬೇಡವಾದದ್ದು ಇಲ್ಲಿ ಪ್ರತಿಷ್ಠೆಯ ಗುರುತಾಗಿರುವುದು ಯೋಚಿಸಬೇಕಾದ ಸಂಗತಿ.

ಹಳೆಯ ನೆಲ ಅರೆಸುವಾಗಲೂ ಇದೇ ನಿಯಮ: ನೀರು ಹಾಯಿಸದೆ ಯಂತ್ರ ತಿರುಗಕೂಡದು, ಕೆಲಸಗಾರನಿಗೆ ಸರಿಯಾದ ಮುಖಗವಸು ಇರಬೇಕು, ಅರೆದ ರೊಚ್ಚು ಚರಂಡಿಗೆ ಹೋಗದೆ ಗುಂಡಿಯಲ್ಲಿ ಇಂಗಬೇಕು. ಮುಖಗವಸಿನ ಖರ್ಚನ್ನು ಕೂಲಿಯಲ್ಲಿ ಮುರಿಯದೆ ಮನೆಯವರೇ ಹೊರುವುದು ನ್ಯಾಯ.

ಎದುರು ಮಾತುಗಳು

ಟೈಲು ಒರೆಸಲು ಸುಲಭ, ಮನೆಗೆಲಸದ ಭಾರ ಹೊತ್ತ ಹೆಂಗಸರಿಗೆ ಅದು ಬಿಡುಗಡೆ ಎಂಬ ವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಸರಿಯಾಗಿ ರಕ್ಷೆ ಪಡೆದ ಕಲ್ಲೂ ಒದ್ದೆಬಟ್ಟೆಗೆ ಶುಚಿಯಾಗುತ್ತದೆ. ನುಣುಪು ಟೈಲಿನ ಮೇಲೆ ಮಳೆಗಾಲದ ತೇವದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ವೃದ್ಧರ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೀಳಿದ ಕಲ್ಲಿನ ಸಹಜ ಒರಟು ಹಿಡಿತ ಕೊಡುತ್ತದೆ.

ಕಲ್ಲೇ ಒಳ್ಳೆಯದಾದರೆ ಹೊಸ ಮನೆಗೂ ಕಲ್ಲನ್ನೇ ತರಬಹುದಲ್ಲ ಎಂದು ಕೆಲವರು ಕೇಳಬಹುದು. ‘ನೈಸರ್ಗಿಕ’ ಎಂಬ ಮಾತಿಗೆ ಮರುಳಾಗಬೇಕಿಲ್ಲ. ನೈಸರ್ಗಿಕ ಕಲ್ಲೂ ಒಂದು ನಿಸರ್ಗವನ್ನು ಅಗೆದೇ ಬರುವುದು; ಮಾರ್ಕಾಪುರದಲ್ಲೋ ಶಹಾಬಾದಿನಲ್ಲೋ ಇನ್ನೊಬ್ಬರ ಅಂಗಳದಲ್ಲಿ ಹೊಂಡವಾಗುತ್ತದೆ. ಇಲ್ಲಿಯ ಮಾತು ಹಾಸಿರುವ ಕಲ್ಲನ್ನು ಉಳಿಸಿಕೊಳ್ಳುವುದರ ಬಗ್ಗೆ ಮಾತ್ರ. ಹೊಸದು ಬೇಕೇಬೇಕಾದವರು ಕೆಡವಿದ ಮನೆಗಳ ಹಳೆಯ ಕಲ್ಲನ್ನು ಹುಡುಕುವುದು ಮೇಲು. ತೀರ ಚಕ್ಕೆಯೆದ್ದು ಪುಡಿಯಾದ ನೆಲವನ್ನು ತೆಗೆಯಲೇಬೇಕಾದರೂ, ಅದರ ಗಟ್ಟಿ ತುಂಡುಗಳು ಕೊಟ್ಟಿಗೆಯ ಮುಂಭಾಗಕ್ಕೆ, ಬಾವಿಕಟ್ಟೆಯ ಸುತ್ತಿಗೆ, ತೋಟದ ಕಾಲುದಾರಿಗೆ ಒದಗುತ್ತವೆ.

ಮಾಡಬೇಕಾದದ್ದು

ದೊಮ್ಮಲೂರಿನಲ್ಲಿ ಚೊಕ್ಕನಾಥಸ್ವಾಮಿಯ ಹಳೆಯ ಗುಡಿಯಿದೆ. ಅಲ್ಲಿನ ಹದಿಮೂರನೆಯ ಶತಮಾನದ ತಮಿಳು ಶಾಸನಗಳಲ್ಲಿ ಊರಿನ ಹೆಸರು ತೊಂಬಲೂರು. ಹೆಸರು ಸವೆದು ದೊಮ್ಮಲೂರಾಯಿತು, ರಾಜ್ಯಗಳು ಬದಲಾದವು, ಹಳ್ಳಿಯೊಂದು ಮಹಾನಗರದ ನಡುವೆ ಸೇರಿಹೋಯಿತು. ಕಲ್ಲು ತನ್ನ ಮೇಲೆ ಬರೆದದ್ದನ್ನು ಹೊತ್ತು ನಿಂತಿದೆ. ಏಳುನೂರು ವರ್ಷ ಬಾಳಬಲ್ಲ ವಸ್ತುವನ್ನು ಮೂವತ್ತು ವರ್ಷಕ್ಕೆ ಹಳತಾಯಿತೆಂದು ಎಸೆಯುವುದು ಕಲ್ಲಿನ ದೋಷವಾಗಲಾರದು.

ಹಳ್ಳಿಗಳ ಮಟ್ಟದಲ್ಲಿ ಮೂರು ಕೆಲಸಗಳು ಈ ವರ್ಷವೇ ಆಗಬಲ್ಲವು. ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಮನೆಗಳ ನೆಲದ ಗಣತಿ ಮಾಡಬಹುದು: ಯಾವ ಕಲ್ಲು, ಎಲ್ಲಿಂದ ಬಂದದ್ದು, ಹಾಸಿದ್ದು ಯಾವಾಗ, ಈಗಿನ ದೋಷವೇನು. ನಿಂಬೆರಸದ ಹನಿಯೊಂದು ರಸಾಯನಶಾಸ್ತ್ರದ ಪಾಠವೂ ಆಗುತ್ತದೆ. ಎರಡನೆಯದು, ಸುಣ್ಣದ ಗಾರೆ ಬಲ್ಲ ಹಿರಿಯ ಮೇಸ್ತ್ರಿಗಳು ಇನ್ನೂ ಇರುವಾಗಲೇ ಅವರಿಂದ ಎಳೆಯರಿಗೆ ಕೈಕೆಲಸ ಕಲಿಸುವ ಏರ್ಪಾಡು. ದುರಸ್ತಿಯಲ್ಲಿ ಸಾಮಾನಿನ ಖರ್ಚು ಕಡಿಮೆ, ಕೂಲಿಯ ಪಾಲು ಹೆಚ್ಚು. ಮೋರ್ಬಿಗೆ ಹೋಗುವ ಹಣ ಊರಿನಲ್ಲಿಯೇ ಉಳಿಯುತ್ತದೆ. ಮೂರನೆಯದು, ಪಂಚಾಯಿತಿ, ಶಾಲೆ, ಸಹಕಾರ ಸಂಘಗಳ ಹಳೆಯ ಕಟ್ಟಡಗಳ ನೆಲ ಬದಲಿಸುವ ಅಂದಾಜುಪಟ್ಟಿ ಗ್ರಾಮಸಭೆಗೆ ಬಂದಾಗ, ದುರಸ್ತಿಯ ಅಂದಾಜನ್ನೂ ಪಕ್ಕದಲ್ಲಿಟ್ಟು ತೋರಿಸಿರೆಂದು ಕೇಳುವುದು.

ಗಣಿಯ ವಿರುದ್ಧ ರಸ್ತೆಗಿಳಿಯುವ ದಿನಗಳು ಮುಂದೆಯೂ ಬರುತ್ತವೆ. ಆ ದಿನ ಅಧಿಕಾರಿಗಳು ‘ಕಲ್ಲು ಬೇಡವೆನ್ನುವ ನಿಮ್ಮ ಮನೆಗಳಿಗೆ ಕಲ್ಲೆಲ್ಲಿಂದ?’ ಎಂದು ಕೇಳಿದರೆ, ‘ಇದ್ದ ಕಲ್ಲನ್ನೇ ಉಳಿಸಿಕೊಂಡಿದ್ದೇವೆ’ ಎನ್ನುವ ಉತ್ತರ ಮಲೆನಾಡಿನ ಹಳ್ಳಿಗಳ ಬಳಿ ಇರಬೇಕು.